ನೀರು ಕದಡಿದ್ದಕ್ಕೆ ಎಂಟಾಣೆ

ಬಂದರು ಕಚೇರಿಯ ಹಿಂದಿನ ಕೋಣೆಯಲ್ಲಿ
ಗೆದ್ದಲು ಅರ್ಧ ಓದಿ ಬಿಟ್ಟ ಕಟ್ಟೊಂದರಲ್ಲಿ
ಸಿಕ್ಕಿತು ಈ ರಸೀದಿ:
"ಖೇಮು ತಾಂಡೇಲ, ಬೈತಖೋಲ.
ನೀರು ಕದಡಿದ್ದಕ್ಕೆ ಎಂಟಾಣೆ."
ಕೆಳಗೆ ಹೆಬ್ಬೆರಳು.

ಇದೆಂಥ ಕೆಲಸ ಎಂದು ನಕ್ಕರು ಹೆಡ್ ಕ್ಲಾರ್ಕು ಪೆಡ್ನೇಕರ.
ಮೀನು ಹಿಡಿದದ್ದಕ್ಕೆ ಕೊಡುತ್ತಾರೆ, ಹೊರೆ ಇಳಿಸಿದ್ದಕ್ಕೆ ಕೊಡುತ್ತಾರೆ,
ನೀರು ಕದಡಿದ್ದಕ್ಕೆ?
ನಾನು ನಗಲಿಲ್ಲ. ಆ ಹೆಬ್ಬೆರಳು ನಮ್ಮನೆಯದು;
ನಡುವಿನ ಗಾಯದ ಗೆರೆ ನನಗೆ ಗೊತ್ತು,
ಅದನ್ನು ಹಿಡಿದೇ ಮರಳ ಮೇಲೆ ನಡೆಯಲು ಕಲಿತವಳು.

ಹಾರುವ ದೋಣಿ ಬರುತ್ತಿತ್ತಂತೆ,
ಯುದ್ಧಕ್ಕೆ ಮುಂಚಿನ ಎರಡು ಚಳಿಗಾಲ.
ಮಂಗಳವಾರ ಮುಂಬಯಿಯಿಂದ, ಶುಕ್ರವಾರ ಮರಳಿ.
ಕೂರ್ಮಗಡದ ಆಚೆ ಮೊದಲು ಸದ್ದು,
ಆಮೇಲೆ ಬೆಳ್ಳಿ ಹೊಟ್ಟೆ.
ಗಾಲಿಯಿಲ್ಲ. ನೆಲದ ಹಂಗಿಲ್ಲ.

ಸಣ್ಣಪುಟ್ಟ ಅಲೆಗೆ ಅದು ಹೆದರುತ್ತಿರಲಿಲ್ಲ, ಅಜ್ಜ ಹೇಳುತ್ತಿದ್ದ,
ಹೆದರಿಕೆ ಇದ್ದದ್ದು ಅಲೆಯೇ ಇಲ್ಲದ ದಿನಕ್ಕೆ.
ಬೆಳಿಗ್ಗೆ ಕಡಲು ಎಣ್ಣೆ ಹೊಯ್ದಂತೆ ಮಲಗಿದರೆ
ದೇವಗಡದ ದೀಪಸ್ತಂಭ ಎರಡಾಗುತ್ತದೆ, ಒಂದು ತಲೆಕೆಳಗು;
ಮೇಲಿಂದ ನೋಡುವವನಿಗೆ
ಆಕಾಶ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರು, ತಿಳಿಯದು.
ಇನ್ನೂ ಹತ್ತು ಮಾರು ಇದೆ ಎಂದುಕೊಂಡವನು
ನೀರೊಳಗೇ ಇರುತ್ತಾನೆ.

ಅದಕ್ಕೇ ಅಜ್ಜನ ಪಾತಿ.
ಕಾಳಿಹೊಳೆ ತಂದು ಚೆಲ್ಲಿದ ಮರದ ತುಂಡು, ತೆಂಗಿನ ಗರಿ, ಯಾರದೋ ಬಲೆಯ ಬೆಂಡು
ಮೊದಲು ಹೆಕ್ಕಬೇಕು, ಅಂಗಳ ಗುಡಿಸಿದ ಹಾಗೆ.
ಆಮೇಲೆ ಹುಟ್ಟು ಹಾಕುತ್ತ ಹಾಕುತ್ತ
ಕಡಲಿಗೊಂದು ಗೆರೆ ಎಳೆಯಬೇಕು:
ಇಕೋ ನೀರು, ಇಲ್ಲಿದೆ, ಇಲ್ಲಿ.

"ಬಲೆಯಿಲ್ಲದೆ ಹೋಗಿ ಏನು ಮಾಡಿ ಬಂದೆ?"
ಶೇವಂತಿ ಅಜ್ಜಿ ಕೇಳುತ್ತಿದ್ದಳಂತೆ.
"ಸುಕ್ಕು ಹಾಕಿ ಬಂದೆ."

ಪ್ರಯಾಣಿಕರನ್ನು ದಡಕ್ಕೆ ತರುವುದೂ ಅವನೇ.
ಒಬ್ಬ ದೊರೆಸಾನಿ ಅವನ ಭುಜ ಹಿಡಿದು ವಾಂತಿ ಮಾಡಿ
ಆ ಭುಜಕ್ಕೇ ಕ್ಷಮೆ ಕೇಳಿದಳು, ಮುಖಕ್ಕಲ್ಲ.
ಟಿಕೇಟಿನ ದರ ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದ್ದ:
ನಾಲ್ಕು ವರ್ಷದ ಬಂಗಡೆ, ಮನೆಯವರು ಒಂದೂ ತಿನ್ನದೆ.

ಒಳಗೆ ಕಾಲಿಟ್ಟವನಲ್ಲ. ಅವನು ಕಂಡದ್ದು ಅಡಿಭಾಗ.
ಅದು ತಂಗಿದ ರಾತ್ರಿ ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದ.
ನಮ್ಮ ದೋಣಿಗೆ ಹಿಡಿವ ಅದೇ ಲೋಳೆ, ಅದೇ ಹಸಿರು.
"ಹಾರುವುದಕ್ಕೂ ಪಾಚಿ ಹಿಡಿಯುತ್ತದೆ ಮಗಾ"
ಎನ್ನುವಾಗ ಮಾತ್ರ
ಅವನ ಮುಖದಲ್ಲೊಂದು ಎಲ್ಲಿಲ್ಲದ ಖುಷಿ.

ಕಟ್ಟಿನ ಕೊನೆಯ ರಸೀದಿಗೆ ಮಸಿ ಬೇರೆ:
"ನೀರು ಕದಡಲಾಯಿತು. ವಿಮಾನ ಬರಲಿಲ್ಲ.
ಆದ ಕಾರಣ ನಾಲ್ಕಾಣೆ."
ಯಾಕೆ ಬರಲಿಲ್ಲ, ಒಳಗೆ ಯಾರಿದ್ದರು, ಎಲ್ಲಿ ಇಳಿದರು,
ಹೊರಟಿತ್ತೋ ಇಲ್ಲವೋ—
ಅದರ ಹೆಸರೂ ಯಾವ ಕಾಗದದಲ್ಲೂ ಇಲ್ಲ.
ಆ ದಿನದ ಬಗ್ಗೆ ಅಜ್ಜ ಹೇಳಿದ್ದು ಇಷ್ಟೇ:
ಮಧ್ಯಾಹ್ನ ಗಾಳಿ ಏಳುವತನಕ ಗೆರೆ ಎಳೆದೆ.
ಎಳೆದ ಹಾಗೇ ಅಳಿಸಿಹೋಗುತ್ತಿತ್ತು.

ಈಗ ಕಡಲದಂಡೆಯಲ್ಲಿ ನೌಕಾಪಡೆಯ ಹಳೆಯ ವಿಮಾನ
ಗಾಲಿಯ ಮೇಲೆ ನಿಂತಿದೆ; ಟಿಕೇಟು ಕೊಂಡ ಮಕ್ಕಳು ಹತ್ತಿ ಇಳಿಯುತ್ತಾರೆ.
ಪೆಡ್ನೇಕರರು ಕಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು:
ನಾಶಕ್ಕೆ ಯೋಗ್ಯ.

ಕೊನೆಗಾಲದಲ್ಲಿ ಅಜ್ಜ
ಲೋಟದ ನೀರು ಕುಡಿಯುವ ಮೊದಲು
ಬೆರಳ ತುದಿಯನ್ನು ಒಮ್ಮೆ ಅದರ ಮೇಲೆ ಆಡಿಸುತ್ತಿದ್ದ.
ನೆಂಟರು ಯಾವುದೋ ಹರಕೆ ಅಂದುಕೊಂಡರು;
ಹುಳ ಬಿದ್ದಿದೆಯೇ ಎಂದು ಅಮ್ಮ ಇಣುಕುತ್ತಿದ್ದಳು.
ನಾನೂ ಕೇಳಿದ್ದೆ.
"ಇರಲಿ," ಅಂದ, "ಯಾರಾದರೂ ಬರುತ್ತಿದ್ದರೆ."